ಓವನ್ ಬಿಸಿಯಾಗುತ್ತಿಲ್ಲವೇ? ಎಲಿಮೆಂಟ್ ಬದಲಿಸುವ ಮೊದಲು ಅಳೆದು ನೋಡಿ

ಹೊಸ ಎಲಿಮೆಂಟ್ (ಓವನ್ ಬಿಸಿ ಮಾಡುವ ರಾಡು) ತಂದು ಹಾಕಿದ ಮೇಲೂ ಓವನ್ ತಣ್ಣಗೇ ಕೂತಿದೆ. ಈ ಮಾತನ್ನು ಮೇಲಿಂದ ಮೇಲೆ ಕೇಳುತ್ತಿದ್ದೇನೆ. ವಿಚಾರಿಸಿದರೆ ನಡೆದದ್ದು ಹೆಚ್ಚುಕಡಿಮೆ ಒಂದೇ. ಹಳೆಯ ಎಲಿಮೆಂಟನ್ನು ಯಾರೂ ಅಳೆದಿರುವುದಿಲ್ಲ. ಅಳೆದವರೂ ಮಲ್ಟಿಮೀಟರ್ (ವೋಲ್ಟ್, ಓಮ್ ಅಳೆಯುವ ಉಪಕರಣ) 'ಬೀಪ್' ಅಂದಿತೋ ಇಲ್ಲವೋ ಅಷ್ಟನ್ನೇ ನೋಡಿ ತೀರ್ಮಾನಿಸಿರುತ್ತಾರೆ. ಎಲಿಮೆಂಟ್ ವಿಷಯದಲ್ಲಿ ಆ ಬೀಪನ್ನು ನಂಬುವ ಹಾಗಿಲ್ಲ. ಯಾಕೆ ಅಂತ ಹಂತ 6ರಲ್ಲಿ ಹೇಳುತ್ತೇನೆ.

ಇಲ್ಲಿ ಕ್ರಮ ಮುಖ್ಯ. ಒಂದು ಹಂತ ಹಾರಿಸಿದರೆ ಮುಂದಿನ ಹಂತದ ಉತ್ತರ ತಪ್ಪಾಗಿ ಕಾಣುತ್ತದೆ. ಹಾಗಾಗಿ ದಯವಿಟ್ಟು ಪೂರ್ತಿ ಒಂದು ಸಲ ಓದಿ, ಆಮೇಲೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಿ.

## ಮೊದಲು ಎರಡು ಎಚ್ಚರಿಕೆ

ಇದು ಕರೆಂಟ್ ಓವನ್‌ಗೆ ಮಾತ್ರ: ಮೇಜಿನ ಮೇಲಿಡುವ ಓಟಿಜಿ (ಓವನ್-ಟೋಸ್ಟರ್-ಗ್ರಿಲ್ಲರ್) ಆಗಿರಬಹುದು, ಅಡುಗೆಮನೆಯ ಗೂಡಿನಲ್ಲಿ ಕೂರಿಸಿದ ದೊಡ್ಡ ಓವನ್ ಆಗಿರಬಹುದು. ನಿಮ್ಮದು ಮೈಕ್ರೋವೇವ್ ಆಗಿದ್ದರೆ, ಅಥವಾ ಮೈಕ್ರೋವೇವ್ ಮತ್ತು ಓವನ್ ಎರಡೂ ಇರುವ ಯಂತ್ರವಾಗಿದ್ದರೆ, ಅದರ ಹೊರಕವಚ ತೆಗೆಯಲೇಬೇಡಿ. ಅದರೊಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಸಾವಿರಾರು ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು. ಜೀವಕ್ಕೆ ಅಪಾಯ.

ಎರಡನೆಯದು, ಈ ಕೆಲಸದಲ್ಲಿ ಕವಚ ತೆಗೆದ ಮೇಲೆ ಕರೆಂಟ್ ಇಟ್ಟುಕೊಂಡು ಅಳೆಯುವ ಹಂತ ಎಲ್ಲಿಯೂ ಇಲ್ಲ. ಕವಚ ತೆಗೆದ ಓವನ್‌ಗೆ ಕರೆಂಟ್ ಕೊಟ್ಟು ವೋಲ್ಟ್ ನೋಡಿ ಎಂದು ಯಾರಾದರೂ ಹೇಳಿದರೆ ಆ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಡಿ. ಎಲಿಮೆಂಟ್ ಕೆಟ್ಟಿದೆಯೇ ಎಂದು ತಿಳಿಯಲು ಅದು ಬೇಕಾಗಿಯೂ ಇಲ್ಲ.

## ಎಲಿಮೆಂಟ್ ಕೆಡುವುದು ಹೇಗೆ

ಹೊರಗೆ ಕಾಣುವುದು ಲೋಹದ ಕೊಳವೆ. ಅದರ ನಡುವೆ ನಿಕ್ರೋಮ್ ತಂತಿಯ ಸುರುಳಿ ಇದೆ. ತಂತಿಗೂ ಕೊಳವೆಗೂ ನಡುವೆ ಮೆಗ್ನೀಸಿಯಂ ಆಕ್ಸೈಡ್ ಎಂಬ ಬಿಳಿ ಪುಡಿಯನ್ನು ಒತ್ತಿ ಒತ್ತಿ ತುಂಬಿರುತ್ತಾರೆ. ಈ ಪುಡಿ ಬಿಸಿಯನ್ನು ಹೊರಗೆ ಬಿಡುತ್ತದೆ, ಕರೆಂಟನ್ನು ಬಿಡುವುದಿಲ್ಲ.

ಇಷ್ಟು ಗೊತ್ತಿದ್ದರೆ ಮೂರು ತೊಂದರೆಗಳು ತಾವಾಗಿಯೇ ಅರ್ಥವಾಗುತ್ತವೆ. ಒಂದು, ಒಳಗಿನ ತಂತಿ ತುಂಡಾಗುವುದು. ಎರಡು, ಪುಡಿಗೆ ತೇವ ಸೇರಿ ಅಥವಾ ಕೊಳವೆ ಬಿರಿದು ಕರೆಂಟ್ ಹೊರಗಿನ ಲೋಹಕ್ಕೆ ಸೋರುವುದು. ಮೂರು, ಎಲಿಮೆಂಟ್ ಚೆನ್ನಾಗಿಯೇ ಇದ್ದು ಅದರ ಕಾಲಿಗೆ ಸಿಕ್ಕಿಸಿದ ಥಿಂಬಲ್ (ತಂತಿಯ ತುದಿಗೆ ಒತ್ತಿ ಕೂರಿಸಿದ ಲೋಹದ ಕೊಂಡಿ) ಸುಟ್ಟಿರುವುದು. ಮೊದಲನೆಯದು ಎಲ್ಲರಿಗೂ ಹೊಳೆಯುತ್ತದೆ. ಜನ ಎಡವುವುದು ಉಳಿದೆರಡರಲ್ಲಿ.

## ಬೇಕಾಗುವ ಸಾಮಾನು

- ಡಿಜಿಟಲ್ ಮಲ್ಟಿಮೀಟರ್. ಓಮ್ (ಕರೆಂಟಿಗೆ ತಂತಿ ಒಡ್ಡುವ ತಡೆಯ ಅಳತೆ) ಅಳೆಯುವ 200ರ ರೇಂಜ್ ಇರಬೇಕು. ತಾನೇ ರೇಂಜ್ ಹಿಡಿಯುವ ಮೀಟರ್ ಆದರೂ ಸರಿ.
- ನಿಮ್ಮ ಓವನ್ ಸ್ಕ್ರೂಗಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್. ಸಡಿಲವಾಗಿ ಕೂತರೆ ಸ್ಕ್ರೂ ತಲೆ ಸವೆದುಹೋಗುತ್ತದೆ.
- ದಪ್ಪ ಕೈಗವಸು. ಓವನ್ ಹಿಂಬದಿಯ ತಗಡಿನ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ.
- ಟಾರ್ಚ್, ಫೋಟೋ ತೆಗೆಯಲು ಫೋನ್, ಗುರುತು ಅಂಟಿಸಲು ಕಾಗದದ ಟೇಪ್.
- ಸಣ್ಣ ಉಪ್ಪುಕಾಗದದ ಚೂರು.
- ಪ್ಲಗ್‌ಗೂ ಸಾಕೆಟ್‌ಗೂ ನಡುವೆ ಹಾಕುವ ವ್ಯಾಟ್ ಮೀಟರ್. ಇದು ಇಲ್ಲದಿದ್ದರೂ ನಡೆಯುತ್ತದೆ, ಇದ್ದರೆ ಅರ್ಧ ಕೆಲಸ ಬಿಚ್ಚದೆಯೇ ಮುಗಿಯುತ್ತದೆ.

## ಹಂತ 1: ಸೆಟ್ಟಿಂಗ್ ತಪ್ಪಿಲ್ಲ ಎಂದು ಖಚಿತ ಮಾಡಿಕೊಳ್ಳಿ

ಇದನ್ನು ಓದಿ ಬೇಸರ ಪಡಬೇಡಿ. ಎಷ್ಟೋ ಓವನ್‌ಗಳು ಕೆಟ್ಟಿರುವುದೇ ಇಲ್ಲ. ಕರೆಂಟ್ ಹೋಗಿ ಬಂದ ಮೇಲೆ ಗಡಿಯಾರ ಮಿನುಗುತ್ತಿದ್ದರೆ ಕೆಲವು ಓವನ್‌ಗಳು ಸಮಯ ಹೊಂದಿಸುವ ತನಕ ಬಿಸಿಯಾಗುವುದಿಲ್ಲ. ಟೈಮರ್ ನಾಬ್ ಸೊನ್ನೆಯಲ್ಲಿದ್ದರೆ ಓಟಿಜಿಯಲ್ಲಿ ಎಲಿಮೆಂಟಿಗೆ ಕರೆಂಟೇ ಹೋಗುವುದಿಲ್ಲ. ಮೋಡ್ ನಾಬ್ ಎರಡು ಗುರುತುಗಳ ನಡುವೆ ನಿಂತಿರಬಹುದು. ಮಕ್ಕಳ ಲಾಕ್ ಬಿದ್ದಿರಬಹುದು. ಅಂಗಡಿಯಲ್ಲಿ ತೋರಿಸಲು ಇಟ್ಟಿದ್ದ ಓವನ್ ಆಗಿದ್ದರೆ ಡೆಮೋ ಮೋಡ್‌ನಲ್ಲೇ ಉಳಿದಿರಬಹುದು. ಆಗ ದೀಪ, ಫ್ಯಾನ್ ಎಲ್ಲ ನಡೆಯುತ್ತವೆ, ಬಿಸಿ ಮಾತ್ರ ಬರುವುದಿಲ್ಲ.

ಹಾಗೆಯೇ ದೀಪ ಉರಿಯುತ್ತಿದೆ ಎಂದರೆ ಪೂರ್ತಿ ಕರೆಂಟ್ ಬರುತ್ತಿದೆ ಎಂದು ಅರ್ಥವಲ್ಲ. 120 ವೋಲ್ಟಿನ ಎರಡು ಲೈನ್ ಸೇರಿಸಿ 240 ವೋಲ್ಟ್ ಕೊಡುವ ಮನೆಗಳಲ್ಲಿ ಒಂದು ಲೈನ್ ಕೈಕೊಟ್ಟರೆ ಗಡಿಯಾರ, ದೀಪ ನಡೆಯುತ್ತಲೇ ಇರುತ್ತವೆ. ಎಲಿಮೆಂಟ್ ಬಿಸಿಯಾಗುವುದಿಲ್ಲ. ಅಂಥ ಕಡೆ ಬ್ರೇಕರನ್ನು ಒಮ್ಮೆ ಪೂರ್ತಿ ಕೆಳಗೆ ಹಾಕಿ ಮತ್ತೆ ಮೇಲೆತ್ತಿ.

## ಹಂತ 2: ಯಾವ ಎಲಿಮೆಂಟ್ ಎಂದು ಗುರುತಿಸಿ

ಓವನ್ ಎಂದರೆ ಒಂದೇ ಎಲಿಮೆಂಟ್ ಅಲ್ಲ. ಕೆಳಗೊಂದು, ಮೇಲೊಂದು, ಫ್ಯಾನ್ ಇದ್ದರೆ ಅದರ ಸುತ್ತ ಬಳೆಯಂತೆ ಇನ್ನೊಂದು. ಮೇಲಿನದರಲ್ಲಿ ಎಷ್ಟೋ ಸಲ ಒಂದೇ ಚೌಕಟ್ಟಿನೊಳಗೆ ಎರಡು ಕೊಳವೆ ಇರುತ್ತವೆ. ಹೊರಗಿನದು ಸಾಮಾನ್ಯ ಬಿಸಿಗೆ, ಒಳಗಿನದು ಸೇರಿಕೊಂಡರೆ ಗ್ರಿಲ್.

ಓವನ್ ಪೂರ್ತಿ ತಣ್ಣಗಿದ್ದಾಗ ಶುರುಮಾಡಿ. ಒಂದೊಂದೇ ಮೋಡ್ ಹಾಕಿ, ತಾಪ 200 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು, ಹತ್ತು ನಿಮಿಷ ನೋಡಿ, ಏನಾಯಿತು ಎಂದು ಬರೆದುಕೊಳ್ಳಿ. ಮುಂದಿನ ಮೋಡ್‌ಗೆ ಹೋಗುವ ಮೊದಲು ಮತ್ತೆ ಆರಲು ಬಿಡಿ.

ಮೇಲಷ್ಟೇ ಕಂದುತ್ತದೆ, ಕೆಳಗೆ ಹಸಿಯಾಗಿಯೇ ಉಳಿಯುತ್ತದೆ ಎಂದರೆ ಕೆಳಗಿನದರ ಮೇಲೆ ಅನುಮಾನ ಪಡಿ. ಗ್ರಿಲ್ ಚೆನ್ನಾಗಿದೆ, ಫ್ಯಾನ್ ಮೋಡ್‌ನಲ್ಲಿ ಬರೀ ತಣ್ಣನೆ ಗಾಳಿ ಬೀಸುತ್ತದೆ ಎಂದರೆ ಬಳೆಯಂಥದ್ದನ್ನು ನೋಡಿ. ಬಿಸಿಯಾಗಲು ಮೊದಲಿಗಿಂತ ದುಪ್ಪಟ್ಟು ಹೊತ್ತು ಹಿಡಿಯುತ್ತಿದ್ದರೆ ಎರಡರಲ್ಲಿ ಒಂದು ಕೆಲಸ ನಿಲ್ಲಿಸಿರಬಹುದು. ಯಾವ ಮೋಡ್‌ನಲ್ಲೂ ಬಿಸಿ ಇಲ್ಲ ಎಂದರೆ ಎಲಿಮೆಂಟ್ ಮೇಲೆ ಅನುಮಾನ ಕಡಿಮೆ. ಎಲ್ಲವೂ ಒಂದೇ ದಿನ ಸುಡುವುದು ಅಪರೂಪ, ಅಲ್ವಾ? ಅಂಥ ಹೊತ್ತಿನಲ್ಲಿ ಎಲ್ಲಕ್ಕೂ ಸೇರಿ ಒಂದೇ ಇರುವ ಭಾಗ ಹುಡುಕಬೇಕು. ಅದು ಹಂತ 8ರಲ್ಲಿದೆ.

ಕೆಂಪಗೆ ಹೊಳೆಯುವುದನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಬಹಳ ಓವನ್‌ಗಳಲ್ಲಿ ಕೆಳಗಿನ ಎಲಿಮೆಂಟ್ ತಳದ ತಗಡಿನ ಅಡಿಯಲ್ಲಿ ಅಡಗಿರುತ್ತದೆ. ಫ್ಯಾನ್ ಬಳಿಯದು ಹಿಂದಿನ ಫಲಕದ ಆಚೆ ಇರುತ್ತದೆ. ಬಯಲಿಗಿರುವ ಎಲಿಮೆಂಟ್ ಕೂಡ ಥರ್ಮೋಸ್ಟಾಟ್ (ತಾಪ ನೋಡಿಕೊಂಡು ಹತ್ತಿ ಆರುವ ಸ್ವಿಚ್) ಕರೆಂಟ್ ಕಡಿದ ಕೂಡಲೇ ಕಪ್ಪಾಗುತ್ತದೆ. ಆದರೆ ಹೊಳಪಿನಲ್ಲಿ ಒಂದು ಸುಳಿವಿದೆ. ಇಡೀ ಕೊಳವೆ ಮಸುಕು ಕೆಂಪಾಗಿದ್ದು ಒಂದೇ ಒಂದು ಚುಕ್ಕೆ ಕಿತ್ತಳೆ ಬಣ್ಣಕ್ಕೆ ಉರಿಯುತ್ತಿದ್ದರೆ ಆ ಜಾಗ ಸೋತಿದೆ. ಕೂಡಲೇ ಆಫ್ ಮಾಡಿ.

## ಹಂತ 3: ಬಿಚ್ಚದೆಯೇ ವ್ಯಾಟ್ ನೋಡಿ

ಈ ಹಂತವನ್ನು ಹೆಚ್ಚಿನವರು ಹಾರಿಸುತ್ತಾರೆ. ನನಗಂತೂ ಎಲ್ಲಕ್ಕಿಂತ ಇಷ್ಟವಾದ ಹಂತ ಇದೇ. ಎಲಿಮೆಂಟ್ ಕೆಲಸ ಮಾಡುತ್ತಿದ್ದರೆ ಅದು ಕರೆಂಟ್ ಎಳೆಯಲೇಬೇಕು.

ಪ್ಲಗ್ ಇರುವ ಓವನ್ ಆದರೆ ವ್ಯಾಟ್ ಮೀಟರ್ ಮೂಲಕ ಕೊಡಿ. ನಿಮ್ಮ ಓವನ್ ಎಳೆಯುವಷ್ಟು ಆಂಪಿಯರನ್ನು ಆ ಮೀಟರ್ ತಾಳುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಪ್ರತಿ ಮೋಡ್‌ನಲ್ಲೂ ಎಷ್ಟು ವ್ಯಾಟ್ ತೋರಿಸುತ್ತದೆ ಎಂದು ಬರೆದುಕೊಳ್ಳಿ. ಮೇಲೆ ಕೆಳಗೆ ಎರಡೂ ಸೇರಿ 2000 ವ್ಯಾಟ್ ಇರಬೇಕಾದ ಕಡೆ 1000 ಬಂದರೆ ಒಂದು ಸತ್ತಿದೆ. ಬರೀ 30, 40 ವ್ಯಾಟ್ ಬಂದರೆ ಅದು ದೀಪ ಮತ್ತು ಫ್ಯಾನಿನದು. ಬಿಸಿ ಮಾಡುವ ಭಾಗ ಏನೂ ಎಳೆಯುತ್ತಿಲ್ಲ.

ಪ್ಲಗ್ ಇಲ್ಲದ ದೊಡ್ಡ ಓವನ್ ಆದರೆ ಮನೆಯ ವಿದ್ಯುತ್ ಮೀಟರೇ ಸಾಕು. ಡಿಜಿಟಲ್ ಮೀಟರಿನ ಮೇಲೆ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂದು ಪಕ್ಕದಲ್ಲೇ ಅಚ್ಚಾಗಿರುತ್ತದೆ, ಉದಾಹರಣೆಗೆ 3200. ಫ್ರಿಜ್ ಸೇರಿ ಮನೆಯ ಬೇರೆಲ್ಲವನ್ನೂ ಆಫ್ ಮಾಡಿ, ಓವನ್ ಮಾತ್ರ ಹಾಕಿ, ಒಂದು ನಿಮಿಷ ಆ ದೀಪದ ವೀಡಿಯೋ ತೆಗೆಯಿರಿ. ನಿಧಾನವಾಗಿ ಓಡಿಸಿ ಎಣಿಸಿ. ಆ ಎಣಿಕೆಯನ್ನು 60,000ದಿಂದ ಗುಣಿಸಿ, ಮೀಟರಿನ ಮೇಲಿನ ಸಂಖ್ಯೆಯಿಂದ ಭಾಗಿಸಿ. ಬರುವುದೇ ವ್ಯಾಟ್. 3200ರ ಮೀಟರಿನಲ್ಲಿ ನಿಮಿಷಕ್ಕೆ 107 ಮಿನುಗು ಅಂದರೆ ಸುಮಾರು 2000 ವ್ಯಾಟ್. 53 ಅಂದರೆ 1000.

ಇದರ ಜೊತೆಗೆ ಓವನ್ ಮುಂದಿನ ಸಣ್ಣ ಸೂಚನಾ ದೀಪವನ್ನೂ ನೋಡಿ. ಬಹಳಷ್ಟು ಸಾದಾ ಓವನ್‌ಗಳಲ್ಲಿ ಥರ್ಮೋಸ್ಟಾಟ್ 'ಬಿಸಿ ಬೇಕು' ಎಂದಾಗ ಅದು ಹತ್ತುತ್ತದೆ. ದೀಪ ಹತ್ತಿದೆ, ವ್ಯಾಟ್ ಇಲ್ಲ ಎಂದರೆ ತೊಂದರೆ ಥರ್ಮೋಸ್ಟಾಟಿನ ಆಚೆ, ಅಂದರೆ ಎಲಿಮೆಂಟ್ ಅಥವಾ ಅದಕ್ಕೆ ಹೋಗುವ ದಾರಿಯಲ್ಲಿದೆ. ದೀಪವೇ ಹತ್ತುತ್ತಿಲ್ಲ ಎಂದರೆ ಥರ್ಮೋಸ್ಟಾಟಿನಲ್ಲಿ ಅಥವಾ ಅದರ ಈಚೆ ಇದೆ.

ಬಿಸಿಯಾದ ಮೇಲೆ ಕೈಕೊಡುವ ಎಲಿಮೆಂಟ್ ಕೂಡ ಇಲ್ಲೇ ಸಿಕ್ಕಿಬೀಳುತ್ತದೆ. ಒಳಗಿನ ತಂತಿ ತುಂಡಾಗಿ ತುದಿಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ತಣ್ಣಗಿದ್ದಾಗ ಸರಿ ತೋರಿಸುತ್ತದೆ, ಬಿಸಿಗೆ ಹಿಗ್ಗಿದಾಗ ಬಿಟ್ಟುಹೋಗುತ್ತದೆ. ಸೂಚನಾ ದೀಪ ಉರಿಯುತ್ತಿರುವಾಗಲೇ ವ್ಯಾಟ್ ಒಮ್ಮೆಲೇ ಬಿದ್ದುಹೋದರೆ ಅದೇ ಕಾರಣ ಇರಬಹುದು. ಸಡಿಲ ಥಿಂಬಲ್ ಕೂಡ ಹೀಗೇ ಆಡುತ್ತದೆ. ಆರಿದ ಮೇಲೆ ಮಲ್ಟಿಮೀಟರಿನಲ್ಲಿ ಇದು ಕಾಣದೇ ಹೋಗಬಹುದು, ಆದ್ದರಿಂದ ಈಗಲೇ ಬರೆದಿಟ್ಟುಕೊಳ್ಳಿ.

## ಹಂತ 4: ಕರೆಂಟ್ ಪೂರ್ತಿ ಕಡಿಯಿರಿ

ನಾಬ್ ಸೊನ್ನೆಗೆ ತಿರುಗಿಸಿದರೆ ಸಾಲದು. ಕೆಲವು ಓವನ್‌ಗಳಲ್ಲಿ ನಾಬ್ ಒಂದು ತಂತಿಯನ್ನು ಮಾತ್ರ ಕಡಿಯುತ್ತದೆ. ಇನ್ನೊಂದರ ಮೂಲಕ ಎಲಿಮೆಂಟಿನ ಕಾಲಿನಲ್ಲಿ ಕರೆಂಟ್ ನಿಂತಿರಬಹುದು.

ಪ್ಲಗ್ ಇದ್ದರೆ ಕಿತ್ತು, ಅದು ನಿಮ್ಮ ಕಣ್ಣೆದುರೇ ಇರುವಂತೆ ಇಡಿ. ಪ್ಲಗ್ ಇಲ್ಲದಿದ್ದರೆ ಬೋರ್ಡಿನಲ್ಲಿ ಓವನ್ನಿನ ಎಂಸಿಬಿ (ಬ್ರೇಕರ್) ಮತ್ತು ಮೇನ್ ಎರಡನ್ನೂ ಇಳಿಸಿ, ಯಾರೂ ಮುಟ್ಟದ ಹಾಗೆ ಟೇಪ್ ಅಂಟಿಸಿ, ಮನೆಯವರಿಗೆ ಬಾಯಿಬಿಟ್ಟು ಹೇಳಿ. ಗೋಡೆಗೆ ನೇರ ಜೋಡಿಸಿದ ಓವನ್‌ನಲ್ಲಿ ಕರೆಂಟ್ ಇಲ್ಲ ಎಂದು ಟೆಸ್ಟರಿನಿಂದ ನೋಡಿ. ಆದರೆ ಆ ಟೆಸ್ಟರನ್ನು ಕರೆಂಟ್ ಇರುವ ಇನ್ನೊಂದು ಕಡೆ ಮೊದಲು ಹಚ್ಚಿ ನೋಡಿರಬೇಕು. ಕೆಟ್ಟ ಟೆಸ್ಟರ್ ಎಲ್ಲ ಕಡೆಯೂ 'ಕರೆಂಟ್ ಇಲ್ಲ' ಎಂದೇ ಹೇಳುತ್ತದೆ.

ಓವನ್ ಆರಲು ಒಂದು ಗಂಟೆಯಾದರೂ ಬಿಡಿ. ಹೊರಗೆ ತಣ್ಣಗಾದರೂ ಎಲಿಮೆಂಟಿನ ಕಾಲು ಬಿಸಿಯಾಗಿಯೇ ಇರಬಹುದು.

## ಹಂತ 5: ಬಿಚ್ಚಿ, ಮೊದಲು ಕಣ್ಣಿನಿಂದ ನೋಡಿ

ದೊಡ್ಡ ಓವನ್‌ಗಳಲ್ಲಿ ಸಾಮಾನ್ಯವಾಗಿ ಎಲಿಮೆಂಟನ್ನು ಹಿಂಗೋಡೆಗೆ ಎರಡು ಸ್ಕ್ರೂಗಳಿಂದ ಕೂರಿಸಿರುತ್ತಾರೆ. ಸ್ಕ್ರೂ ತೆಗೆದು ನಿಧಾನವಾಗಿ ಮುಂದಕ್ಕೆಳೆದರೆ ತಂತಿಗಳೂ ಹಿಂದೆಯೇ ಬರುತ್ತವೆ. ಜೋರಾಗಿ ಎಳೆಯಬೇಡಿ. ತಂತಿ ಕಳಚಿ ತೂತಿನ ಆಚೆ ಬಿದ್ದುಹೋದರೆ ಇಡೀ ಓವನ್ ಗೂಡಿನಿಂದ ಹೊರಗೆ ಬರಬೇಕಾಗುತ್ತದೆ. ಕೈಗೆ ಸಿಕ್ಕ ಕೂಡಲೇ ಪ್ರತಿ ತಂತಿಗೂ ಬಟ್ಟೆ ಕ್ಲಿಪ್ ಹಾಕಿಬಿಡಿ. ಓಟಿಜಿಯಲ್ಲಿ ಹೆಚ್ಚಾಗಿ ಪಕ್ಕದ ತಗಡು ತೆಗೆದರೆ ರಾಡುಗಳ ತುದಿ ಕಾಣುತ್ತವೆ. ಅವು ಗಾಜಿನಂಥ ಕ್ವಾರ್ಟ್ಜ್ ಕೊಳವೆಗಳಾಗಿದ್ದರೆ ತುಂಬ ನಾಜೂಕು, ತಿರುಚಬೇಡಿ.

ಏನನ್ನೂ ಕಳಚುವ ಮೊದಲು ಎರಡು ಕೋನದಿಂದ ಫೋಟೋ ತೆಗೆಯಿರಿ. ತಂತಿಗೂ ಟರ್ಮಿನಲ್ಲಿಗೂ (ತಂತಿ ಸಿಕ್ಕಿಸುವ ಎಲಿಮೆಂಟಿನ ಲೋಹದ ತುದಿ) ಒಂದೇ ಸಂಖ್ಯೆಯ ಟೇಪ್ ಅಂಟಿಸಿ.

ಈಗ ಟಾರ್ಚ್ ಹಿಡಿದು ಕೊಳವೆಯ ಉದ್ದಕ್ಕೂ ನೋಡಿ. ಮುಖ್ಯವಾಗಿ ಬಾಗಿದ ಕಡೆಗಳ ಕೆಳಮೈ. ಮೇಲಿನಿಂದ ನೋಡಿದರೆ ಎಲ್ಲ ಸರಿ ಕಾಣುತ್ತದೆ, ಕೆಳಗೆ ಸಾಸಿವೆ ಕಾಳಿನಷ್ಟು ತೂತು ಬಿದ್ದು ಅದರ ಸುತ್ತ ಬಿಳಿ ಪುಡಿ ಉದುರಿರುತ್ತದೆ. ಗುಳ್ಳೆ ಎದ್ದ ಜಾಗ, ಬಿರುಕು, ಕರಗಿ ಮಣಿಯಂತಾದ ಲೋಹ ಇವುಗಳಲ್ಲಿ ಒಂದು ಕಂಡರೂ ಆ ಎಲಿಮೆಂಟ್ ಮುಗಿಯಿತು. ಬರೀ ಬಣ್ಣ ಮಾಸಿದ್ದು, ಕಪ್ಪಾಗಿದ್ದು ತೊಂದರೆಯಲ್ಲ.

ಆಮೇಲೆ ಥಿಂಬಲ್‌ಗಳು. ನನ್ನ ಮನೆಯ ಓವನ್ ಒಮ್ಮೆ ಬಿಸಿಯಾಗುವುದು ನಿಂತಾಗ ನಾನೂ ಎಲಿಮೆಂಟ್ ಹೋಯಿತು ಎಂದೇ ಅಂದುಕೊಂಡಿದ್ದೆ. ಹೊರಗೆಳೆದು ನೋಡಿದರೆ ಒಂದು ತಂತಿಯ ಬಿಳಿ ಹೊದಿಕೆ ಎರಡು ಬೆರಳಗಲದಷ್ಟು ಕಂದಾಗಿತ್ತು. ಥಿಂಬಲ್ ಕಪ್ಪು ನೀಲಿಯಾಗಿತ್ತು. ಬೆರಳು ತಾಗಿಸಿದ್ದಷ್ಟೇ, ಒಣಗಿದ ಎಲೆಯ ಹಾಗೆ ಪುಡಿಯಾಗಿ ಬಿತ್ತು. ಎಲಿಮೆಂಟ್ ಅಳೆದರೆ 24 ಓಮ್. 2200 ವ್ಯಾಟಿನದಕ್ಕೆ ಅಷ್ಟೇ ಇರಬೇಕು. ತಂತಿಯನ್ನು ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ, ಬಿಸಿ ತಾಳುವ ಹೊಸ ಥಿಂಬಲ್ ಒತ್ತಿ ಹಾಕಿದ ಮೇಲೆ ಅದೇ ಎಲಿಮೆಂಟ್ ಕೆಲಸ ಮಾಡಿತು. ಸಡಿಲ ಥಿಂಬಲ್ ಬಿಸಿಯಾಗುತ್ತದೆ, ಬಿಸಿಯಾದದ್ದು ಇನ್ನಷ್ಟು ಸಡಿಲವಾಗುತ್ತದೆ. ಕೊನೆಗೆ ಸುಡುವುದು ಹೀಗೆ.

## ಹಂತ 6: ಎಷ್ಟು ಓಮ್ ಇರಬೇಕು? ಎಷ್ಟಿದೆ?

ಮೊದಲು ಲೆಕ್ಕ, ಆಮೇಲೆ ಮೀಟರ್. ಎಷ್ಟು ಬರಬೇಕು ಎಂದು ಗೊತ್ತಿಲ್ಲದೆ ಅಳೆದರೆ ಯಾವ ಸಂಖ್ಯೆಯೂ ಏನೂ ಹೇಳುವುದಿಲ್ಲ.

ವೋಲ್ಟನ್ನು ಅದರಿಂದಲೇ ಗುಣಿಸಿ, ವ್ಯಾಟಿನಿಂದ ಭಾಗಿಸಿ. ಬರುವುದೇ ಓಮ್. 230 ವೋಲ್ಟಿಗೆ 230 × 230 = 52,900. ಹಾಗಾಗಿ:

- 800 ವ್ಯಾಟ್: ಸುಮಾರು 66 ಓಮ್
- 1000 ವ್ಯಾಟ್: ಸುಮಾರು 53 ಓಮ್
- 1500 ವ್ಯಾಟ್: ಸುಮಾರು 35 ಓಮ್
- 2000 ವ್ಯಾಟ್: ಸುಮಾರು 26 ಓಮ್
- 2500 ವ್ಯಾಟ್: ಸುಮಾರು 21 ಓಮ್

ಎಲಿಮೆಂಟಿನ ವ್ಯಾಟ್ ಸಾಮಾನ್ಯವಾಗಿ ಅದನ್ನು ಕೂರಿಸುವ ತಗಡಿನ ಮೇಲೆ ಕೊರೆದಿರುತ್ತದೆ. ಓವನ್ ಬಾಗಿಲ ಅಂಚಿನ ಪಟ್ಟಿಯಲ್ಲಿರುವುದು ಇಡೀ ಓವನ್ನಿನದು, ಅದನ್ನು ಒಂದು ಎಲಿಮೆಂಟಿಗೆ ಹಚ್ಚಬೇಡಿ. '220–240 ವೋಲ್ಟ್, 2000–2380 ವ್ಯಾಟ್' ಎಂದು ಎರಡೆರಡು ಸಂಖ್ಯೆ ಇದ್ದರೆ ಕಡಿಮೆ ವೋಲ್ಟಿಗೆ ಕಡಿಮೆ ವ್ಯಾಟ್ ಸೇರಿಸಿ ಲೆಕ್ಕ ಮಾಡಿ. ಅಲ್ಲಿಗೆ 24 ಓಮ್ ಬರುತ್ತದೆ.

ಇನ್ನು ಅಳೆಯುವುದು:

1. ಎಲಿಮೆಂಟಿನ ತಂತಿಗಳನ್ನು ಕಳಚಿ. ಒಂದು ತುದಿಯಾದರೂ ಬಿಡಿಯಾಗಿರಲೇಬೇಕು. ಜೋಡಿಸಿಕೊಂಡೇ ಅಳೆದರೆ ಮೀಟರ್ ದೀಪ, ಫ್ಯಾನ್, ಇನ್ನೊಂದು ಎಲಿಮೆಂಟ್ ಮೂಲಕ ಸುತ್ತಿ ಬಂದು ಸುಳ್ಳು ಸಂಖ್ಯೆ ತೋರಿಸುತ್ತದೆ. ಸತ್ತ ಎಲಿಮೆಂಟ್ ಬದುಕಿದಂತೆ ಕಾಣುವುದು ಹೆಚ್ಚಾಗಿ ಇದರಿಂದಲೇ.
2. ಮೀಟರನ್ನು ಕುದುರೆ ಲಾಳದಂಥ ಓಮ್ ಗುರುತಿಗೆ, 200ರ ರೇಂಜಿಗೆ ತಿರುಗಿಸಿ.
3. ಎರಡು ಪ್ರೋಬ್‌ಗಳನ್ನು (ಮೀಟರಿನ ತಂತಿಯ ಮೊನೆಕಡ್ಡಿಗಳನ್ನು) ಒಂದಕ್ಕೊಂದು ತಾಗಿಸಿ. 0.3 ತೋರಿಸಿದರೆ ಅದು ಮೀಟರಿನ ತಂತಿಯದು. ಆಮೇಲೆ ಬರುವ ಸಂಖ್ಯೆಯಿಂದ ಅಷ್ಟನ್ನು ಕಳೆಯಿರಿ.
4. ಟರ್ಮಿನಲ್ಲುಗಳನ್ನು ಉಪ್ಪುಕಾಗದದಿಂದ ಲಘುವಾಗಿ ಉಜ್ಜಿ, ಪ್ರೋಬ್‌ಗಳನ್ನು ಒತ್ತಿ ಹಿಡಿದು ಓದಿ.
5. ಒಂದು ಕೈಯಿಂದ ಎಲಿಮೆಂಟನ್ನು ಮೆಲ್ಲನೆ ತಟ್ಟಿ. ಸಂಖ್ಯೆ ನೆಗೆದಾಡಿದರೆ ಒಳಗೆ ತಂತಿ ಅರೆಬರೆ ತುಂಡಾಗಿದೆ.

ಲೆಕ್ಕಕ್ಕಿಂತ ಶೇಕಡಾ 10ರಷ್ಟು ಹೆಚ್ಚುಕಡಿಮೆ ಬಂದರೆ ಎಲಿಮೆಂಟ್ ಸರಿ ಇದೆ. ಪರದೆಯಲ್ಲಿ 'ಓಎಲ್' (OL, ಅಂದರೆ ಅಳತೆಗೆ ಮೀರಿದ್ದು) ಅಂತ ಬಂದರೆ, ಅಥವಾ ಎಡ ತುದಿಯಲ್ಲಿ ಬರೀ 1 ನಿಂತರೆ ತಂತಿ ತುಂಡಾಗಿದೆ. ಅರ್ಧಕ್ಕಿಂತ ಕಡಿಮೆ ಬಂದರೆ ಒಳಗೆ ಶಾರ್ಟ್ ಆಗಿದೆ, ಇಲ್ಲವೇ ನೀವು ತಂತಿ ಕಳಚಲು ಮರೆತಿದ್ದೀರಿ. ತುಂಬಾ ಜಾಸ್ತಿ ಬಂದರೆ ಟರ್ಮಿನಲ್ ಮತ್ತೆ ಉಜ್ಜಿ ಇನ್ನೊಮ್ಮೆ ಅಳೆಯಿರಿ. ತಾನೇ ರೇಂಜ್ ಹಿಡಿಯುವ ಮೀಟರಿನಲ್ಲಿ ಮೂಲೆಯ ಸಣ್ಣ 'ಕೆ' ಅಥವಾ 'ಎಂ' ಅಕ್ಷರ ನೋಡದೆ 26 ಸಾವಿರ ಓಮನ್ನು 26 ಎಂದು ಓದಿದವರೂ ಇದ್ದಾರೆ.

ಈಗ ಬೀಪ್ ವಿಷಯ. ಬಹಳಷ್ಟು ಮೀಟರುಗಳು ಸುಮಾರು 30ರಿಂದ 50 ಓಮ್‌ಗಿಂತ ಕಡಿಮೆ ಇದ್ದರೆ ಮಾತ್ರ ಬೀಪ್ ಅನ್ನುತ್ತವೆ. ಆರೋಗ್ಯವಾಗಿರುವ 1000 ವ್ಯಾಟಿನ ಎಲಿಮೆಂಟ್ 53 ಓಮ್. ಅದು ಬೀಪ್ ಅನ್ನಿಸದೇ ಇರಬಹುದು. ನೀವು ಸತ್ತಿದೆ ಎಂದುಕೊಂಡು ಎಸೆಯುತ್ತೀರಿ. ಇನ್ನೊಂದು ಕಡೆ ಶಾರ್ಟ್ ಆದ ಎಲಿಮೆಂಟ್ ಗಟ್ಟಿಯಾಗಿ ಬೀಪ್ ಅನ್ನುತ್ತದೆ, ಅದನ್ನು ಒಳ್ಳೆಯದು ಎಂದು ಮತ್ತೆ ಜೋಡಿಸುತ್ತೀರಿ. ಎಲಿಮೆಂಟ್ ಅಳೆಯುವಾಗ ಸಂಖ್ಯೆ ಓದಿ, ಸದ್ದು ಕೇಳಬೇಡಿ.

ಓಟಿಜಿ ಇರುವವರು ಇನ್ನೊಂದು ಗಮನಿಸಿ. ಕೆಲವು ಓಟಿಜಿಗಳಲ್ಲಿ ಎರಡು ರಾಡುಗಳನ್ನು ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿರುತ್ತಾರೆ. ಒಂದು ಹೋದರೆ ಎರಡೂ ಆರುತ್ತವೆ. ಎರಡನ್ನೂ ಬದಲಿಸುವ ಮೊದಲು ಒಂದೊಂದನ್ನೇ ಅಳೆಯಿರಿ. ಇಲ್ಲಿ ಲೆಕ್ಕವೂ ಬೇರೆ. ಎರಡೂ ಸೇರಿ 800 ವ್ಯಾಟ್ ಆದರೆ ಒಟ್ಟು 66 ಓಮ್, ಒಂದೊಂದಕ್ಕೆ 33. ಒಂದು ರಾಡನ್ನು 400 ವ್ಯಾಟ್ ಎಂದು ಹಿಡಿದು 132 ಓಮ್ ಬರಬೇಕು ಎಂದು ಕಾದರೆ ಒಳ್ಳೆಯ ರಾಡೂ ಕೆಟ್ಟಂತೆ ಕಾಣುತ್ತದೆ. ತಂತಿಯ ಹಾದಿ ಹಿಡಿದು ಹೋಗಿ, ಸರಣಿಯೋ ಪಕ್ಕಪಕ್ಕದ ಜೋಡಣೆಯೋ ಎಂದು ಮೊದಲು ತಿಳಿದುಕೊಳ್ಳಿ.

ಮೇಲಿನ ಜೋಡಿ ಎಲಿಮೆಂಟಿಗೆ ಮೂರು ಅಥವಾ ನಾಲ್ಕು ಟರ್ಮಿನಲ್ ಇರುತ್ತವೆ. ಮೂರಿದ್ದರೆ ಒಂದು ಎರಡಕ್ಕೂ ಸೇರಿದ್ದು. ಆ ಒಂದರಿಂದ ಉಳಿದೆರಡಕ್ಕೂ ಬೇರೆ ಬೇರೆಯಾಗಿ ಅಳೆಯಬೇಕು.

## ಹಂತ 7: ಕರೆಂಟ್ ಓವನ್ನಿನ ಮೈಗೆ ಸೋರುತ್ತಿದೆಯೇ

ಓಮ್ ಸರಿ ಬಂದಿತು ಎಂದು ಇಲ್ಲಿಗೆ ನಿಲ್ಲಿಸಬೇಡಿ. ಓವನ್ ಹಾಕಿದಾಗ ಮನೆಯ ಆರ್‌ಸಿಸಿಬಿ (ಸೋರಿಕೆ ಕಂಡರೆ ಕರೆಂಟ್ ಕಡಿಯುವ ಸ್ವಿಚ್) ಟ್ರಿಪ್ ಆಗುತ್ತಿದ್ದರೆ ಅಥವಾ ಓವನ್ ಮುಟ್ಟಿದಾಗ ಜುಮ್ ಅನ್ನುತ್ತಿದ್ದರೆ ಈ ಹಂತವೇ ಮುಖ್ಯ. ಮನೆಗಳ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿ ಆಂಪಿಯರ್ ಸೋರಿಕೆಗೆ ಬೀಳುತ್ತದೆ. ಎಂಸಿಬಿ ಬೀಳುವುದು ಸೋರಿಕೆಗಲ್ಲ, ಅತಿಯಾದ ಕರೆಂಟಿಗೆ ಅಥವಾ ಶಾರ್ಟ್‌ಗೆ. ಯಾವುದು ಬಿತ್ತು ಎಂದು ನೋಡಿಕೊಂಡರೆ ಅರ್ಧ ಉತ್ತರ ಸಿಕ್ಕಂತೆ.

ಮೀಟರನ್ನು ಅತಿ ದೊಡ್ಡ ಓಮ್ ರೇಂಜಿಗೆ, 20 ಮೆಗಾ ಓಮ್ ಇದ್ದರೆ ಅದಕ್ಕೆ ಇಡಿ. ಎಲಿಮೆಂಟಿನ ಎಲ್ಲ ತಂತಿಗಳೂ ಕಳಚಿರಲಿ. ಒಂದು ಪ್ರೋಬ್ ಟರ್ಮಿನಲ್ಲಿಗೆ, ಇನ್ನೊಂದು ಕೊಳವೆಯ ಲೋಹಕ್ಕೆ. ಕೊಳವೆಯ ಮೇಲಿನ ಕಪ್ಪು ಪದರ ಕರೆಂಟ್ ತಡೆಯುತ್ತದೆ, ಅದಕ್ಕೇ ಒಂದು ಚುಕ್ಕೆಯಷ್ಟು ಜಾಗ ಉಜ್ಜಿ ಲೋಹ ಕಾಣುವಂತೆ ಮಾಡಿ. ಓಎಲ್ (ಅಥವಾ ಎಡ ತುದಿಯಲ್ಲಿ ಬರೀ 1) ಬರಬೇಕು. ಬೇರೆ ಯಾವುದೇ ಸಂಖ್ಯೆ ಬಂದರೆ ಸೋರಿಕೆ ಇದೆ.

ಎರಡು ಪ್ರೋಬ್‌ಗಳ ಲೋಹದ ತುದಿಯನ್ನು ಎರಡು ಕೈಬೆರಳಿನಿಂದ ಹಿಡಿದು ಅಳೆಯಬೇಡಿ. ಆಗ ಮೀಟರ್ ನಿಮ್ಮ ಮೈಯನ್ನೇ ಅಳೆಯುತ್ತದೆ. ಒಂದು ಮೆಗಾ ಓಮ್ ಆಸುಪಾಸು ತೋರಿಸಿ ಹೆದರಿಸುತ್ತದೆ. ಕ್ರೊಕೊಡೈಲ್ ಕ್ಲಿಪ್ ಇದ್ದರೆ ಬಳಸಿ.

ಮಲ್ಟಿಮೀಟರ್ ಕೆಲವೇ ವೋಲ್ಟಿನಿಂದ ಅಳೆಯುತ್ತದೆ. ಆದ್ದರಿಂದ ಅದು ಸೋರಿಕೆ ಇದೆ ಎಂದರೆ ನಂಬಬಹುದು. ಇಲ್ಲ ಎಂದರೆ ಪೂರ್ತಿ ನಂಬುವಂತಿಲ್ಲ. 230 ವೋಲ್ಟ್ ಬಿದ್ದಾಗ, ಅದೂ ಬಿಸಿಯಾದಾಗ ಸೋರುವ ಎಲಿಮೆಂಟುಗಳಿವೆ. ಹಾಕಿ ಹತ್ತು ಹದಿನೈದು ನಿಮಿಷದ ಮೇಲೆ ಟ್ರಿಪ್ ಆಗುತ್ತಿದ್ದರೆ ಎಲೆಕ್ಟ್ರಿಷಿಯನ್ ಬಳಿ ಮೆಗ್ಗರ್ (ಹೆಚ್ಚು ವೋಲ್ಟ್ ಕೊಟ್ಟು ಸೋರಿಕೆ ಅಳೆಯುವ ಮೀಟರ್) ಇರುತ್ತದೆ, 500 ವೋಲ್ಟಿನಲ್ಲಿ ಅಳೆಸಿ. ಒಂದು ಮೆಗಾ ಓಮ್‌ಗಿಂತ ಕಡಿಮೆ ಬಂದ ಎಲಿಮೆಂಟನ್ನು ಮತ್ತೆ ಹಾಕಬಾರದು.

ಬಹಳ ತಿಂಗಳು ಬಳಸದೆ ಇಟ್ಟ ಓವನ್ ಆದರೆ ಪುಡಿ ತೇವ ಹೀರಿಕೊಂಡಿರಬಹುದು. ಕಳಚಿದ ಎಲಿಮೆಂಟನ್ನು ಬಿಸಿಯಾದ ಒಣ ಜಾಗದಲ್ಲಿ ಇಟ್ಟು ಚೆನ್ನಾಗಿ ಒಣಗಿಸಿ ಮತ್ತೆ ಅಳೆಸಿ. ಕೆಲವೊಮ್ಮೆ ಸರಿಹೋಗುತ್ತದೆ. ಟ್ರಿಪ್ ಆಗುವುದನ್ನು ತಪ್ಪಿಸಲು ಅರ್ಥ್ ತಂತಿ ಕಳಚುವುದು, ಆರ್‌ಸಿಸಿಬಿ ಇಲ್ಲದ ಪಾಯಿಂಟಿಗೆ ಓವನ್ ಹಾಕುವುದು ಮಾತ್ರ ಯಾವತ್ತೂ ಮಾಡಬೇಡಿ. ಓವನ್ ನಡೆಯುತ್ತದೆ, ನಿಜ. ಆದರೆ ಅದರ ಮೈಯೇ ಕರೆಂಟಾಗಿ ನಿಂತಿರುತ್ತದೆ. ಒದ್ದೆ ಕೈಯಲ್ಲಿ ಮುಟ್ಟುವ ಮೊದಲಿಗರು ನೀವೇ ಆಗಿರಬೇಕೆಂದಿಲ್ಲ.

## ಹಂತ 8: ಎಲಿಮೆಂಟ್ ಸರಿ ಇದ್ದರೆ

ಆಗ ಅದಕ್ಕೆ ಕರೆಂಟ್ ತಲುಪುವ ದಾರಿ ನೋಡಬೇಕು. ಕರೆಂಟ್ ಕಡಿದೇ ಇರಲಿ, ಪ್ರತಿ ಭಾಗದ ಒಂದು ತಂತಿ ಕಳಚಿ ಅಳೆಯಿರಿ. ಇಲ್ಲಿ ಬೀಪ್ ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ಸೆನ್ಸರ್ ಬಿಟ್ಟು ಉಳಿದವೆಲ್ಲ ಸ್ವಿಚ್‌ಗಳು.

ಓವನ್ ಹಿಂದೆ ಅಥವಾ ಮೇಲೆ ಬಿಲ್ಲೆಯಂಥ ಥರ್ಮಲ್ ಕಟ್ಔಟ್ (ಅತಿ ಬಿಸಿಯಾದರೆ ಕರೆಂಟ್ ಕಡಿಯುವ ಸ್ವಿಚ್) ಇರುತ್ತದೆ. ತಣ್ಣಗಿದ್ದಾಗ ಹೆಚ್ಚುಕಡಿಮೆ ಸೊನ್ನೆ ಓಮ್ ಬರಬೇಕು. ಕೆಲವಕ್ಕೆ ನಡುವೆ ಒತ್ತುವ ಗುಂಡಿ ಇರುತ್ತದೆ, ಒತ್ತಿದರೆ 'ಟಕ್' ಎಂದು ಕೂರುತ್ತದೆ. ಒತ್ತಿ ಸರಿಹೋಯಿತು ಎಂದು ಬಿಡಬೇಡಿ. ಅದು ಯಾಕೆ ಬಿತ್ತು? ತಣ್ಣಗಿಡುವ ಫ್ಯಾನ್ ನಿಂತಿದೆಯೇ, ಗಾಳಿ ಹೋಗುವ ಸಂದು ಮುಚ್ಚಿದೆಯೇ ನೋಡಿ.

ನಾಬ್ ಇರುವ ಥರ್ಮೋಸ್ಟಾಟಿನಲ್ಲಿ ನಾಬನ್ನು 200ಕ್ಕೆ ತಿರುಗಿಸಿದಾಗ ಸೊನ್ನೆ ಓಮ್, ಪೂರ್ತಿ ಆಫ್‌ನಲ್ಲಿ ಓಎಲ್ ಬರಬೇಕು. ಮೋಡ್ ನಾಬಿನ ಹಿಂದಿನ ಸ್ವಿಚ್ ಸುಟ್ಟಿದ್ದರೆ ಸಾಮಾನ್ಯವಾಗಿ ವಾಸನೆ ಮತ್ತು ಕರಗಿದ ಪ್ಲಾಸ್ಟಿಕ್ ಮೊದಲೇ ಹೇಳಿಬಿಡುತ್ತವೆ. ಡಿಜಿಟಲ್ ಓವನ್‌ನಲ್ಲಿ ಒಳಗೆ ಪೆನ್ಸಿಲಿನಂಥ ಸೆನ್ಸರ್ ಇರುತ್ತದೆ. ಅದು ಪಿಟಿ1000 ಬಗೆಯದಾದರೆ 25 ಡಿಗ್ರಿಯಲ್ಲಿ ಸುಮಾರು 1100 ಓಮ್ ತೋರಿಸಬೇಕು. ಇವೆಲ್ಲ ಸರಿ ಇದ್ದು ಬಿಸಿ ಬರುತ್ತಿಲ್ಲವೆಂದರೆ ಕಂಟ್ರೋಲ್ ಬೋರ್ಡಿನ ರಿಲೇ (ಎಲಿಮೆಂಟಿಗೆ ಕರೆಂಟ್ ಬಿಡುವ ಸ್ವಿಚ್) ಉಳಿಯಿತು. ಅದನ್ನು ಪರಿಣತರಿಗೆ ಬಿಡಿ.

## ಹಂತ 9: ಹೊಸದು ಹಾಕುವಾಗ

ಅಳೆದ ಮೇಲೆಯೇ ಎಲಿಮೆಂಟ್ ಕೆಟ್ಟಿದೆ ಎಂದು ಖಚಿತವಾಯಿತು ಅಂದುಕೊಳ್ಳಿ. ಹಳೆಯದನ್ನು ಎಸೆಯಬೇಡಿ, ಅಳತೆಗೆ ಬೇಕು. ವೋಲ್ಟ್, ವ್ಯಾಟ್, ಕಾಲುಗಳ ನಡುವಿನ ದೂರ, ಸ್ಕ್ರೂ ತೂತುಗಳ ದೂರ, ಒಳಗೆ ಚಾಚುವ ಉದ್ದ ಎಲ್ಲವೂ ಹೊಂದಬೇಕು. ಬೇಗ ಬಿಸಿಯಾಗಲಿ ಎಂದು ಜಾಸ್ತಿ ವ್ಯಾಟಿನದು ಹಾಕಬೇಡಿ. ಒಳಗಿನ ತಂತಿ, ಸ್ವಿಚ್, ಥರ್ಮೋಸ್ಟಾಟ್ ಅದನ್ನು ತಾಳುವುದಿಲ್ಲ.

ಹೊಸದನ್ನೂ ಹಾಕುವ ಮೊದಲು ಅಳೆಯಿರಿ. ಟರ್ಮಿನಲ್ಲಿನಿಂದ ಟರ್ಮಿನಲ್ಲಿಗೆ, ಆಮೇಲೆ ಟರ್ಮಿನಲ್ಲಿನಿಂದ ಕೊಳವೆಯ ಲೋಹಕ್ಕೆ. ಎರಡು ನಿಮಿಷದ ಕೆಲಸ.

ಥಿಂಬಲ್ ಗಟ್ಟಿಯಾಗಿ ಕೂರಬೇಕು. ಬೆರಳಿನಿಂದ ಸುಲಭವಾಗಿ ಎಳೆದು ಬರುವಂತಿದ್ದರೆ ಬದಲಿಸಿ. ಸೋಲ್ಡರ್ ಬೆಸುಗೆ ಹಾಕಬೇಡಿ, ಸಾದಾ ಪ್ಲಾಸ್ಟಿಕ್ ತಂತಿ ಮತ್ತು ಇನ್ಸುಲೇಷನ್ ಟೇಪ್ ಬಳಸಬೇಡಿ. ಓವನ್ ಬಿಸಿಗೆ ಇವು ಮೂರೂ ಕರಗುತ್ತವೆ. ಗಾಜಿನ ನೂಲಿನ ಅಥವಾ ಸಿಲಿಕೋನ್ ಹೊದಿಕೆಯ ತಂತಿಯೇ ಬೇಕು. ಯಾವ ತಂತಿಯೂ ಕೊಳವೆಗೆ ತಾಗುವಂತಿರಬಾರದು. ಅರ್ಥ್ ತಂತಿ ಮತ್ತೆ ತನ್ನ ಜಾಗದಲ್ಲಿ ಬಿಗಿಯಾಗಿದೆಯೇ ಎಂದು ಫೋಟೋ ಜೊತೆ ಹೋಲಿಸಿ ನೋಡಿ. ಕವಚ ಪೂರ್ತಿ ಹಾಕಿದ ಮೇಲೆಯೇ ಕರೆಂಟ್ ಕೊಡಿ.

ಮೊದಲ ಸಲ ಖಾಲಿ ಓವನ್ನನ್ನು ಕಿಟಕಿ ತೆರೆದು 200 ಡಿಗ್ರಿಯಲ್ಲಿ ಅರ್ಧ ಗಂಟೆ ಓಡಿಸಿ. ಹೊಸ ಎಲಿಮೆಂಟಿನ ಮೇಲಿನ ಎಣ್ಣೆ ಸುಟ್ಟು ಸ್ವಲ್ಪ ಹೊಗೆ, ವಾಸನೆ ಬರುತ್ತದೆ. ಸ್ವಲ್ಪ ಹೊತ್ತಿನಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ, ಚಟಚಟ ಸದ್ದು ಕೇಳಿದರೆ, ಪ್ಲಗ್ ಮುಟ್ಟಲಾಗದಷ್ಟು ಬಿಸಿಯಾದರೆ, ಅಥವಾ ಮತ್ತೆ ಟ್ರಿಪ್ ಆದರೆ ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಯಿರಿ. ಏನೂ ಆಗಲಿಲ್ಲವೆಂದರೆ ಓವನ್ ಆರಿದ ಮೇಲೆ ಹಂತ 3ರಂತೆ ಇನ್ನೊಮ್ಮೆ ವ್ಯಾಟ್ ನೋಡಿ. ಕೊಳವೆಯ ತಗಡಿನ ಮೇಲೆ ಕೊರೆದಿದ್ದ ಸಂಖ್ಯೆಗೆ ಅದು ಹತ್ತಿರ ಬಂದರೆ ಕೆಲಸ ಮುಗಿಯಿತು.